ಪಿಕಪ್ಪಿಗೊಂದು ಉಡಿ

ಲೆಫ್ತೇರಿಸ್‌ನ ಗ್ಯಾರೇಜಿನಲ್ಲಿ ಪಿಕಪ್ ಗುಂಡಿಯ ಮೇಲೆ ನಿಂತಿತ್ತು. ಗುಂಡಿಯೊಳಗೆ ಇಳಿದಿದ್ದ ಲೆಫ್ತೇರಿಸ್‌ನ ಬೋಳು ತಲೆ ಮಾತ್ರ ಮುಂದಿನ ಚಕ್ರಗಳ ನಡುವೆ ಕಾಣುತ್ತಿತ್ತು.

“ಆಯಿಲ್ ಚೇಂಬರ್ ಮತ್ತೆ ಸೀಳಿದೆ,” ಎಂದಿತು ಆ ತಲೆ. “ಹೋದ ಸಲ ನಾನು ವೆಲ್ಡಿಂಗ್ ಮಾಡಿದ್ನಲ್ಲ, ಅದರ ಪಕ್ಕದಲ್ಲೇ. ನನ್ನ ವೆಲ್ಡಿಂಗ್ ಮಾತ್ರ ಹಂಗೇ ಇದೆ ನೋಡಿ ಮಾಮ, ಒಂಚೂರೂ ಅಲ್ಲಾಡಿಲ್ಲ.”

“ನಿನ್ನ ವೆಲ್ಡಿಂಗ್ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?” ಎಂದ ಮನೂಸೋಸ್.

ಅವನು ಗ್ಯಾರೇಜಿನ ಬಾಗಿಲಲ್ಲಿ, ಕರಿ ಅಂಗಿ ತೊಟ್ಟು, ಎರಡೂ ಕೈಗಳನ್ನು ಊರುಗೋಲಿನ ಮೇಲಿಟ್ಟು ಕುರ್ಚಿಯಲ್ಲಿ ಕೂತಿದ್ದ. ಅವನ ಮಂಡಿಗಳೆರಡೂ ಸವೆದಿದ್ದವು. ಬೆಟ್ಟದ ಮೇಲಿನ ತನ್ನ ಮಿತಾತೊಗೆ, ಅಂದರೆ ಕುರುಬರು ಬೇಸಿಗೆಯಿಡೀ ಇರುವ ಕಲ್ಲುಗುಮ್ಮಟದ ಮನೆಗೆ, ಅವನು ನಡೆದೋ ಹೇಸರಗತ್ತೆ ಏರಿಯೋ ಹೋಗುವ ದಿನಗಳು ಮುಗಿದಿದ್ದವು. ಪಕ್ಕದಲ್ಲಿ ನಿಂತಿದ್ದ ಅರ್ಗಿರೋ ಅವನ ತಮ್ಮನ ಮಗಳು. ಎರಡು ಸಲವೂ ಗಾಡಿ ಓಡಿಸಿ ಚೇಂಬರ್ ಸೀಳಿಸಿದವಳು ಅವಳೇ.

ಬರೀ ಚೇಂಬರಿನ ಮಾತಾಗಿದ್ದರೆ ಇಷ್ಟು ಬಿಸಿಯಾಗುತ್ತಿರಲಿಲ್ಲ. ಕ್ರೀಟ್ ದ್ವೀಪದ ಆ ಬೆಟ್ಟದೂರಿನಲ್ಲಿ ಉಣ್ಣೆ ಕತ್ತರಿಸುವ ದಿನ ಮದುವೆಗಿಂತ ದೊಡ್ಡದು. ಮಂದೆಯ ಯಜಮಾನ ತನ್ನ ಮಿತಾತೊ ಮುಂದೆ ನಿಂತು, ಮೊದಲ ಕುರಿಯ ಉಣ್ಣೆಯನ್ನು ತನ್ನ ಕೈಯಾರೆ ಕತ್ತರಿಸಬೇಕು. ಆಮೇಲೆ ಬಂದವರೆಲ್ಲ ಕತ್ತರಿ ಹಿಡಿಯುತ್ತಾರೆ. ಹೋದ ವರ್ಷ ಮನೂಸೋಸ್‌ಗೆ ಹತ್ತಲಾಗದೆ ಮಂದೆಯನ್ನೇ ಊರಿಗೆ ಇಳಿಸಿ, ದೊಡ್ಡಿಯಲ್ಲಿ ಕತ್ತರಿಸಿದ್ದರು. ಬಂದವರು ಉಂಡರು, ಕುಡಿದರು, ಯಾರೂ ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಮುದುಕನಿಗೆ ಚುಚ್ಚಿತ್ತು. ಈ ಚಳಿಗಾಲದಲ್ಲಿ ಕಾಫಿ ಅಂಗಡಿಯಲ್ಲಿ, ಎಲ್ಲರೆದುರು, ಅವನು ವಾರ್ದಿಸ್‌ಗೆ ಮಾತು ಕೊಟ್ಟುಬಿಟ್ಟಿದ್ದ: ಈ ಸಲದ ಉಣ್ಣೆಹಬ್ಬಕ್ಕೆ ನಾನು ಮೇಲಕ್ಕೆ ಬರಲಾಗದಿದ್ದರೆ ಮಿತಾತೊ ನಿನ್ನದು, ಅದರ ಸುತ್ತಲಿನ ಹುಲ್ಲುಗಾವಲೂ ನಿನ್ನದು. ವಾರ್ದಿಸ್ ಬೇರೆಯವನಲ್ಲ. ಅವನ ಹಿರಿಮಗನಿಗೆ ಜ್ಞಾನಸ್ನಾನ ಮಾಡಿಸಿ ಹೆಸರಿಟ್ಟವನು ಮನೂಸೋಸ್. ಆ ನಂಟಿನಿಂದ ಇಬ್ಬರೂ ಒಬ್ಬರನ್ನೊಬ್ಬರು ‘ಸಿಂತೆಕ್ನೆ’ ಎಂದು ಕರೆಯುತ್ತಿದ್ದರು. ಒಡಹುಟ್ಟಿದವರಿಗಿಂತ ಹತ್ತಿರ, ಆದ್ದರಿಂದಲೇ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವಂತಿರಲಿಲ್ಲ.

ಮಿತಾತೊ ಹೋದರೆ ಅರ್ಗಿರೋಗೆ ಆ ಊರಲ್ಲಿ ಉಳಿಯುವುದಕ್ಕೆ ಏನೂ ಇರಲಿಲ್ಲ. ಪಾತ್ರಾ ನಗರದಲ್ಲಿ ಭೂವಿಜ್ಞಾನ ಓದಿ, ಕೆಲಕಾಲ ಪ್ರಯೋಗಾಲಯದಲ್ಲಿ ಕಲ್ಲು ಕೊಯ್ದು, ಅದೆಲ್ಲ ಬಿಟ್ಟು ಅವಳು ಮರಳಿದ್ದು ಆ ಮಿತಾತೊದಲ್ಲಿ ಚೀಸ್ ಮಾಡುವುದಕ್ಕೆ.

ದಾರಿಯಲ್ಲಿ ಅಡ್ಡಿ ಒಂದೇ: ಊರವರು ‘ಏಣಿ’ ಎನ್ನುವ ಸುಣ್ಣಕಲ್ಲಿನ ಬಂಡೆ. ಒಂದರ ಮೇಲೊಂದು ಮೂರು ಮೆಟ್ಟಿಲು, ಪ್ರತಿಯೊಂದೂ ಗೇಣಿಗಿಂತ ಎತ್ತರ, ಅಂಚುಗಳು ಮುರಿದ ಹಲ್ಲಿನ ಹಾಗೆ. ಚಕ್ರ ಹತ್ತುತ್ತಿತ್ತು, ಹೊಟ್ಟೆ ತಾಗುತ್ತಿತ್ತು.

“ಉಡಿ ಕಟ್ಲೇಬೇಕು ಇದಕ್ಕೆ,” ಎಂದ ಲೆಫ್ತೇರಿಸ್ ಗುಂಡಿಯಿಂದ ಮೇಲೆ ಬರುತ್ತಾ. ಇಂಜಿನ್ನಿನ ಕೆಳಗೆ ಕಟ್ಟುವ ದಪ್ಪ ತಗಡಿಗೆ ಅಲ್ಲಿ ಉಡಿ ಎಂದೇ ಹೆಸರು. ಅಡುಗೆಮನೆಯಲ್ಲಿ ಹೆಂಗಸರು ಸೊಂಟಕ್ಕೆ ಕಟ್ಟಿಕೊಳ್ಳುವ ಬಟ್ಟೆಗೂ ಅದೇ ಹೆಸರು. “ಉಕ್ಕಿಂದೋ ಅಲ್ಯೂಮಿನಿಯಂದೋ ನೀವೇ ಹೇಳಿ.”

“ಅಲ್ಯೂಮಿನಿಯಂ,” ಎಂದಳು ಅರ್ಗಿರೋ. “ಇರಾಕ್ಲಿಯೊ ಪೇಟೆಯಿಂದ ಆಗ್ಲೇ ತರಿಸಿದೀನಿ. ಅದೇ ದಪ್ಪದ ಉಕ್ಕು ಇದರ ಮೂರರಷ್ಟು ಭಾರ. ಮುಂದಿನ ಸ್ಪ್ರಿಂಗ್ ಈಗ್ಲೇ ಕುಸಿದಿದೆ. ಮೂಗು ಇನ್ನೂ ತಗ್ಗಿದ್ರೆ ಏಣಿ ಹತ್ತೋ ಮಾತೇ ಇಲ್ಲ.”

“ಅಲ್ಯೂಮಿನಿಯಮ್ಮಾ?” ಮನೂಸೋಸ್ ಊರುಗೋಲನ್ನು ನೆಲಕ್ಕೆ ಕುಟ್ಟಿದ. “ರಸ್ತೆ ಬೋರ್ಡು ಯಾವುದರಲ್ಲಿ ಮಾಡ್ತಾರೆ ಹೇಳು.”

ಊರಿನಿಂದ ಹೆದ್ದಾರಿಯವರೆಗೆ ಗುಂಡಿನ ತೂತಿಲ್ಲದ ಒಂದೇ ಒಂದು ಫಲಕ ಇರಲಿಲ್ಲ. ಮದುವೆಗೆ, ನಾಮಕರಣಕ್ಕೆ, ಏನೂ ಇಲ್ಲದ ಭಾನುವಾರಕ್ಕೆ, ಗಂಡಸರ ಗುರಿ ಅವುಗಳ ಮೇಲೇ.

“ತಿರುವಿನಲ್ಲಿ ‘ನಿಧಾನ’ ಅನ್ನೋ ಬೋರ್ಡಿದೆಯಲ್ಲ, ಅದರಲ್ಲಿ ಹಿಟ್ಟು ಜರಡಿ ಹಿಡೀಬಹುದು. ಅರ್ಧ ತೂತು ನನ್ನವೇ. ಐವತ್ತು ವರ್ಷದಿಂದ ಆ ಲೋಹನ ನಾನು ಬಲ್ಲೆ ಕಣೇ. ಬೆಣ್ಣೆ ಅದು, ಬೆಣ್ಣೆ.”

“ಬೋರ್ಡು ಕಾಗದದ ಹಂಗಿರುತ್ತೆ ದೊಡ್ಡಪ್ಪ. ಇದು ಬೆರಳು ದಪ್ಪ.”

“ಯಾರ ಬೆರಳು? ನಿಂದಾ, ಎಳೇ ಕೂಸಿಂದಾ? ಲೆಫ್ತೇರಿ, ಗಾಡಿ ಸೀಟಿನ ಹಿಂದೆ ಜೋಡುನಳಿಗೆ ಇದೆ, ತಾ ಇಲ್ಲಿ. ಹಂದಿ ಹೊಡಿಯೋ ಒಂಟಿಗುಂಡಿನ ತೋಟಾನೂ ತಾ.”

ಅವನನ್ನು ತಡೆಯುವುದು ಯಾರಿಂದಲೂ ಆಗಲಿಲ್ಲ. ಗ್ಯಾರೇಜಿನ ಹಿಂದಿನ ಮಣ್ಣುದಿಬ್ಬಕ್ಕೆ ಅರ್ಗಿರೋಳ ಅಲ್ಯೂಮಿನಿಯಂ ತಗಡನ್ನೂ ಅದೇ ದಪ್ಪದ ಉಕ್ಕಿನ ತುಂಡೊಂದನ್ನೂ ಒರಗಿಸಿದರು. ಲೆಫ್ತೇರಿಸ್ ಎಣ್ಣೆ ಡ್ರಮ್ಮುಗಳ ಹಿಂದೆ ಅಡಗಿಕೊಂಡ. ಮನೂಸೋಸ್ ಕುರ್ಚಿಯಿಂದ ಏಳದೆಯೇ ಎರಡೂ ನಳಿಗೆ ಖಾಲಿ ಮಾಡಿದ.

ಉಕ್ಕಿನಲ್ಲಿ ಒಂದು ತಗ್ಗು ಬಿದ್ದಿತ್ತು, ಸೂಪಿನ ಚಮಚದಂತೆ. ಅಲ್ಯೂಮಿನಿಯಂನಲ್ಲಿ ದುಂಡಗೆ ತೂತು. ಅದರ ಮೂಲಕ ದಿಬ್ಬದ ಕೆಂಪು ಮಣ್ಣು ಕಾಣುತ್ತಿತ್ತು.

“ಸಾಕಾ?” ಎಂದ ಮನೂಸೋಸ್. ಐದು ವರ್ಷ ಕಿರಿಯನಾದಂತಿದ್ದ.

“ಏನು ಸಾಕು? ಪಿಕಪ್ ಹೊಟ್ಟೆಗೆ ಕೆಳಗಿಂದ ಗುಂಡು ಹೊಡೆಯೋರು ಯಾರು?”

“ವಾರ್ದಿಸ್ ಹೊಡೆದ್ರೂ ಹೊಡೆದಾನು,” ಎಂದ ಲೆಫ್ತೇರಿಸ್ ಡ್ರಮ್ಮಿನ ಹಿಂದಿನಿಂದ.

ಅರ್ಗಿರೋಗೆ ನಗು ಬರಲಿಲ್ಲ. ಬಂಡೆ ಗುಂಡಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ಗೊತ್ತಿದ್ದುದರಿಂದಲೇ, ತನ್ನ ಲೆಕ್ಕ ಸರಿ ಎಂಬ ನಂಬಿಕೆ ಅವಳಲ್ಲಿ ಇನ್ನೂ ಗಟ್ಟಿಯಾಯಿತು. ಎದುರಿನವರ ವಾದ ತಪ್ಪಾದ ಮಾತ್ರಕ್ಕೆ ನಮ್ಮದು ಸರಿಯಾಗುವುದಿಲ್ಲ ಎಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಲಿಲ್ಲ. ತೂತು ಬಿದ್ದ ತಗಡನ್ನೇ ಕಟ್ಟಿಸಿಕೊಂಡು ಮರುದಿನ ಬೆಳಿಗ್ಗೆ ಒಬ್ಬಳೇ ಏಣಿಗೆ ಹೋದಳು.

ಮೊದಲ ಮೆಟ್ಟಿಲು ದಾಟಿತು. ಮೂಗು ಹಗುರವಾಗಿ ಮೇಲೆದ್ದದ್ದನ್ನು ಕಂಡು ಅವಳಿಗೆ ಉಬ್ಬು. ಎರಡನೆಯ ಮೆಟ್ಟಿಲಿನ ಅಂಚಿಗೆ ಹೊಟ್ಟೆ ತಾಗಿತು. ಚೇಂಬರಿಗೆ ಏನೂ ಆಗಲಿಲ್ಲ. ಆದರೆ ಗಾಡಿ ಅಲ್ಲೇ ಕಚ್ಚಿಕೊಂಡಿತು. ಮುಂದಕ್ಕೆ ಒತ್ತಿದರೆ ಕರ್ಕಶವಾಗಿ ಕಿರುಗುಟ್ಟಿತು, ಹಿಂದಕ್ಕೆ ಬಿಟ್ಟರೆ ಅಲುಗಲಿಲ್ಲ. ಹಿಂದಿನ ಚಕ್ರಗಳು ಸುತ್ತಿ ಸುತ್ತಿ ರಬ್ಬರಿನ ಹೊಗೆ ಎಬ್ಬಿಸಿದವು.

ಕೆಳಗಿಳಿದು ಬಂಡೆಯ ಮೇಲೆ ಬೋರಲಾಗಿ ಮಲಗಿ ನೋಡಿದಳು. ಕಲ್ಲಿನ ಹಲ್ಲು ಅಲ್ಯೂಮಿನಿಯಂನೊಳಗೆ ನೇಗಿಲಿನ ಹಾಗೆ ಇಳಿದಿತ್ತು. ಉದ್ದಕ್ಕೂ ಸಾಲು ಬಿದ್ದಿತ್ತು. ಸಾಲಿನ ಕೊನೆಯಲ್ಲಿ ಲೋಹ ಹೆರೆದ ಚೀಸಿನಂತೆ ಸುರುಳಿಯಾಗಿ ನಿಂತು ಹೊಳೆಯುತ್ತಿತ್ತು.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಕಾಲೇಜಿನ ಮೊದಲ ವರ್ಷದ ಮೊದಲ ಪಾಠ ಅದು: ಯಾವ ಕಲ್ಲು ಯಾವುದನ್ನು ಗೀರುತ್ತದೆ. ಸುಣ್ಣಕಲ್ಲನ್ನು ಕಬ್ಬಿಣದ ಮೊಳೆಯಿಂದ ಗೀರಬಹುದು, ಅಂದರೆ ಕಬ್ಬಿಣ ಅದಕ್ಕಿಂತ ಗಟ್ಟಿ. ಅಲ್ಯೂಮಿನಿಯಂ ಹಾಗಲ್ಲ; ಸುಣ್ಣಕಲ್ಲೇ ಅದನ್ನು ಗೀರುತ್ತದೆ. ಇದನ್ನು ಅವಳು ಕಿರಿಯ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವಳು. ಭಾರದ ಲೆಕ್ಕದಲ್ಲಿ ಮುಳುಗಿ ಅದನ್ನೇ ಮರೆತಿದ್ದಳು. ದೊಡ್ಡಪ್ಪ ಕೇಳಿದ್ದು ಏನು ತೂತಾಗುತ್ತದೆ ಎಂದು. ತಾನು ಕೇಳಿದ್ದು ಎಷ್ಟು ತೂಗುತ್ತದೆ ಎಂದು. ಈ ಬಂಡೆ ಗಾಡಿಗೆ ಏನು ಮಾಡುತ್ತದೆ ಎಂದು ಇಬ್ಬರೂ ಕೇಳಿರಲಿಲ್ಲ. ಬಂಡೆ ಚುಚ್ಚುವುದಿಲ್ಲ. ಉಜ್ಜುತ್ತದೆ. ಬೇಕಾದದ್ದು ಅದರ ಮೇಲೆ ಜಾರುವ ಮೈ.

ಗೊರಸಿನ ಸದ್ದಾಯಿತು. ಮೇಲಿನಿಂದ ಹೇಸರಗತ್ತೆಯನ್ನು ಹಿಡಿದುಕೊಂಡು ವಾರ್ದಿಸ್ ಇಳಿದು ಬರುತ್ತಿದ್ದ. ಬಿಳಿ ಮೀಸೆಯ, ಅಡ್ಡಗಲದ ಮನುಷ್ಯ. ಅವಳ ಕಾಲುಗಳಷ್ಟೇ ಗಾಡಿಯ ಕೆಳಗಿಂದ ಕಾಣುತ್ತಿದ್ದವು.

“ಯಾರಮ್ಮಾ ಅದು, ಬಂಡೆಗೆ ಅಡ್ಡಬಿದ್ದಿರೋದು? ಕಲ್ಲು ಓದಿರೋ ಹುಡುಗೀನಾ?”

“ಹೂಂ ಚಿಕ್ಕಪ್ಪ. ಓದ್ತಾ ಇದೀನಿ.”

“ಏನ್ ಬರೆದಿದೆ?”

“ನಾನು ದಡ್ಡಿ ಅಂತ.”

ವಾರ್ದಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ, ಹೇಸರಗತ್ತೆಗೆ ಹಗ್ಗ ಕಟ್ಟಿ, ತಾನೂ ಭುಜ ಕೊಟ್ಟು ಗಾಡಿಯನ್ನು ಹಿಂದಕ್ಕೆ ಎಳೆಸಿದ. ಹೊರಡುವಾಗ ಮೀಸೆ ಒರೆಸಿಕೊಳ್ಳುತ್ತಾ ಹೇಳಿದ: “ನನ್ನ ಸಿಂತೆಕ್ನೆಗೆ ಹೇಳು ಮಗಾ. ಮಿತಾತೊಗೆ ಸುಣ್ಣ ಹೊಡೆಸಬೇಕು ಅಂತಿದೀನಿ, ಯಾವ ಬಣ್ಣ ಇಷ್ಟ ಅಂತ ಕೇಳಿದೆ ಅನ್ನು.”

“ಬಣ್ಣ ನಮಗಿಷ್ಟವಾದದ್ದೇ ಇರುತ್ತೆ ಬಿಡಿ,” ಎಂದಳು ಅರ್ಗಿರೋ. ಕೆನ್ನೆ ಸುಡುತ್ತಿತ್ತು.

ಗ್ಯಾರೇಜಿಗೆ ಬಂದವಳೇ ನೇರವಾಗಿ ಹೇಳಿದಳು: “ದೊಡ್ಡಪ್ಪ, ಉಕ್ಕೇ ಸರಿ.”

ಮನೂಸೋಸ್ ಲೆಫ್ತೇರಿಸ್‌ನ ಕಡೆ ತಿರುಗಿದ. “ಕೇಳಿಸ್ತಾ? ಇನ್ನೊಂದ್ಸಲ ಹೇಳ್ಸು, ಈ ಕಿವಿ ಸ್ವಲ್ಪ ಮಂದ.”

“ಉಕ್ಕೇ ಸರಿ. ಆದ್ರೆ ನಿನ್ನ ಬಂದೂಕು ಹೇಳಿದ್ದಕ್ಕಲ್ಲ. ಕಲ್ಲು ಅಲ್ಯೂಮಿನಿಯಂನ ಕಚ್ಚುತ್ತೆ, ಉಕ್ಕಿನ ಮೇಲೆ ಜಾರುತ್ತೆ, ಅದಕ್ಕೆ.”

“ಕಾರಣ ನೀನಿಟ್ಕೋ, ಉಕ್ಕು ನನಗಿರಲಿ. ಲೆಫ್ತೇರಿ, ಇರೋದರಲ್ಲೇ ದಪ್ಪದ್ದು ತೆಗಿ. ಮೂಗಿಂದ ಬಾಲದವರೆಗೆ ಹೊದಿಸು. ಟ್ಯಾಂಕಿನ ಹಂಗಿರಬೇಕು.”

“ಮೊದಲು ಟ್ಯಾಂಕಿನ ಭಾರ ನೋಡೋಣ,” ಎಂದಳು ಅರ್ಗಿರೋ. ಅಷ್ಟು ಉಕ್ಕಿನ ತೂಕಕ್ಕೆ ಸರಿಯಾಗಿ ಸಿಮೆಂಟು ಚೀಲಗಳನ್ನು ಇಂಜಿನ್ನಿನ ಮೇಲೆ ಹೇರಿಸಿದಳು. ಸ್ಪ್ರಿಂಗು ನರಳುತ್ತಾ ಕುಸಿಯಿತು. ಗಾಡಿಯ ಮೂಗಿಗೂ ನೆಲಕ್ಕೂ ನಡುವೆ ಇದ್ದ ಜಾಗ ಮೂರು ಬೆರಳಷ್ಟು ಕಡಿಮೆಯಾಯಿತು.

ಮುದುಕ ಬಗ್ಗಿ ನೋಡಿದ. ಅವನಿಗೆ ಏಣಿಯ ಎತ್ತರ ಹೇಳಿಕೊಡಬೇಕಿರಲಿಲ್ಲ.

“ಅಂದ್ರೆ ಹಗುರಾದ್ದು ಕಚ್ಕೊಳ್ಳುತ್ತೆ, ಭಾರದ್ದು ಕುಸಿಯುತ್ತೆ,” ಎಂದ ಲೆಫ್ತೇರಿಸ್. “ಹೇಸರಗತ್ತೆ ತಗೊಂಡ್ಬಿಡಿ ಮಾಮ.”

ಅರ್ಗಿರೋ ಗುಂಡಿಗೆ ಇಳಿದಿದ್ದಳು. ದೀಪ ಹಿಡಿದು, ಗಾಡಿಯ ಹೊಟ್ಟೆಯ ಮೇಲಿನ ಗೀರುಗಳನ್ನು ಒಂದೊಂದಾಗಿ ಸೀಮೆಸುಣ್ಣದಿಂದ ಸುತ್ತು ಹಾಕತೊಡಗಿದಳು. ಹಳೆಯವು, ಹೊಸವು, ತುಕ್ಕು ಹಿಡಿದವು. ಎರಡು ಸಲದ ಸೋಲನ್ನೂ ಮೂರನೆಯದರ ನಾಚಿಕೆಯನ್ನೂ ಬಂಡೆ ಅಲ್ಲಿ ಒಂದೂ ಬಿಡದೆ ಮೂಡಿಸಿತ್ತು. ಸುತ್ತು ಹಾಕಿ ಮುಗಿಸಿದಾಗ ಅವಳಿಗೇ ಅಚ್ಚರಿಯಾಯಿತು. ಗೀರುಗಳು ಹೊಟ್ಟೆಯಿಡೀ ಹರಡಿರಲಿಲ್ಲ. ಮೂಗಿನ ತುದಿಯಿಂದ ಚೇಂಬರಿನ ಹಿಂಬದಿಯವರೆಗೆ ಒಂದು ಪಟ್ಟಿ, ಅಷ್ಟೆ. ಗೇರ್‌ಬಾಕ್ಸಿನ ಕೆಳಗೆ ಬರೀ ಚುಕ್ಕೆಗಳಿದ್ದವು, ಚಕ್ರ ಎಸೆದ ಸಣ್ಣ ಕಲ್ಲುಗಳದು.

“ಲೆಫ್ತೇರಣ್ಣ, ಬಾ ಇಲ್ಲಿ. ಬಂಡೆ ಉಜ್ಜೋದು ಇಷ್ಟು ಜಾಗದಲ್ಲಿ ಮಾತ್ರ. ಇಷ್ಟಕ್ಕೆ ಉಕ್ಕು ಹಾಕು. ತೆಳ್ಳಗಿರಲಿ, ಒಳಗಿನಿಂದ ಎರಡು ಪಟ್ಟಿ ಕೊಟ್ಟು ಗಟ್ಟಿ ಮಾಡು. ಮುಂದಿನ ತುದಿ ದೋಣಿ ಮೂತಿ ಥರ ಮೇಲಕ್ಕೆ ಬಾಗ್ಸು. ಹಿಂದೆ ಗೇರ್‌ಬಾಕ್ಸಿಗೆ ನನ್ನ ಅಲ್ಯೂಮಿನಿಯಂ ಸಾಕು.”

“ತೂತು ಬಿದ್ದಿರೋದಾ?”

“ತೂತನ್ನ ಎಣ್ಣೆ ಇಳಿಸೋ ಬೋಲ್ಟಿನ ನೇರಕ್ಕೆ ಕೂರಿಸು. ಕೊರೆಯೋ ಕೆಲಸ ಉಳೀತು.”

“ಅದಕ್ಕೇ ಅಲ್ಲಿಗೆ ಗುರಿ ಇಟ್ಟಿದ್ದು ನಾನು,” ಎಂದ ಮನೂಸೋಸ್ ಗಂಭೀರವಾಗಿ.

ಉಕ್ಕಿನ ಅಂಚು ಅಲ್ಯೂಮಿನಿಯಂನ ಅಂಚಿಗೆ ಕೆಳಗಿನಿಂದ ಹೊದಿಕೆಯಾಗಿ ಬರಬೇಕು, ಹೆಂಚು ಜೋಡಿಸಿದಂತೆ, ಇಲ್ಲದಿದ್ದರೆ ಕಲ್ಲು ಸಂದಿಗೆ ಸಿಕ್ಕಿಕೊಳ್ಳುತ್ತದೆ ಎಂದು ಲೆಫ್ತೇರಿಸ್ ಹೇಳಿದ. ಎರಡರ ನಡುವೆ ರಬ್ಬರ್ ಪಟ್ಟಿ ಇಡಬೇಕು ಎಂದು ಅರ್ಗಿರೋ ಸೇರಿಸಿದಳು: ಎರಡು ಬೇರೆ ಲೋಹ ಮೈಗೆ ಮೈ ತಾಗಿ ಒದ್ದೆಯಾದರೆ ಒಂದು ಇನ್ನೊಂದನ್ನು ತಿನ್ನುತ್ತದೆ.

“ನಾನು, ವಾರ್ದಿಸ್ ಇದ್ದಂಗೆ,” ಎಂದ ಮುದುಕ. “ನಡುವೆ ರಾಕಿ ಸಾರಾಯಿ ಬಾಟ್ಲಿ ಇರೋದಕ್ಕೆ ಉಳಿದಿದೀವಿ.”

ಆಮೇಲೆ ಬಂತು ಕಷ್ಟದ ಮಾತು. ಅಷ್ಟು ಉಕ್ಕಿಗೂ ಮೂಗು ಒಂದು ಬೆರಳು ತಗ್ಗುತ್ತಿತ್ತು. ಆ ಭಾರವನ್ನು ಇನ್ನೆಲ್ಲಿಂದಲಾದರೂ ಇಳಿಸಲೇಬೇಕು. ಅರ್ಗಿರೋ ಪಿಕಪ್ಪಿನ ಮುಂದಿದ್ದ ದಪ್ಪ ಪೈಪಿನ ಗಾರ್ಡಿನ ಮೇಲೆ ಕೈಯಿಟ್ಟಳು. ಮನೂಸೋಸ್ ಅದನ್ನು ತಾನೇ ಬಗ್ಗಿಸಿ ಮಾಡಿಸಿದ್ದ. ಅದರ ಮೇಲೆ ನಾಲ್ಕು ದೀಪ, ನಡುವೆ ಟಗರಿನ ಕೊಂಬು. ಊರಿನಲ್ಲಿ ಗಾಡಿ ಗುರುತಿಸುತ್ತಿದ್ದುದೇ ಅದರಿಂದ.

“ಅದು ಬೇಡ,” ಎಂದ ಮುದುಕ.

“ಅದೇ ದೊಡ್ಡಪ್ಪ.”

“ಅದನ್ನ ತೆಗೆದ್ರೆ ನನ್ನ ಗಾಡಿ ಹಲ್ಲಿಲ್ಲದ ಮುದುಕನ ಥರ ಕಾಣುತ್ತೆ ಕಣೇ.”

“ನಿನ್ನ ಬಾಯಲ್ಲಿ ಎಷ್ಟಿವೆ ಈಗ?”

ಲೆಫ್ತೇರಿಸ್ ಗುಂಡಿಯೊಳಗೆ ಕೆಮ್ಮಿದ. ಮನೂಸೋಸ್ ಎದ್ದು, ಕುಂಟುತ್ತಾ ಗಾಡಿಯ ಮುಂದೆ ಬಂದು ನಿಂತ. ಕೊಂಬಿನ ಸುರುಳಿಯ ಮೇಲೆ ಹೆಬ್ಬೆರಳು ಆಡಿಸಿದ. ಗಾರ್ಡು ಇಟ್ಟುಕೊಂಡು ಊರಲ್ಲಿ ಮೆರೆಯುವುದೋ, ಬೋಳುಮೂತಿಯಲ್ಲಿ ಮಿತಾತೊ ಸೇರುವುದೋ? ಅವನು ಸ್ಪ್ಯಾನರ್ ಕೇಳಿ ಇಸಿದುಕೊಂಡು ಮೊದಲ ಬೋಲ್ಟನ್ನು ತಾನೇ ಬಿಚ್ಚಿದ.

ಉಣ್ಣೆಹಬ್ಬದ ಬೆಳಿಗ್ಗೆ ಊರಿನ ಅರ್ಧ ಜನ ಆಗಲೇ ಬೆಟ್ಟ ಹತ್ತಿಯಾಗಿತ್ತು. ಪ್ಸಿಲೊರೀತಿಸ್ ಪರ್ವತದ ತುದಿಯಲ್ಲಿ ಇನ್ನೂ ಒಂದು ಗೆರೆ ಹಿಮ ಉಳಿದಿತ್ತು. ಮನೂಸೋಸ್ ಇಸ್ತ್ರಿ ಮಾಡಿದ ಕರಿ ಅಂಗಿ ತೊಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದ, ತೊಡೆಯ ಮೇಲೆ ಉಣ್ಣೆ ಕತ್ತರಿ. ಹಿಂದೆ ಪಿಲಾಫ್ ಅನ್ನದ ಕೊಪ್ಪರಿಗೆ, ವೈನಿನ ಕ್ಯಾನುಗಳು, ರೊಟ್ಟಿಯ ಚೀಲ.

ಏಣಿಯ ಬುಡದಲ್ಲಿ ವಾರ್ದಿಸ್ ತನ್ನ ಮೂವರು ಗಂಡುಮಕ್ಕಳೊಂದಿಗೆ ಕಾದಿದ್ದ. ಅವನ ಹೆಗಲ ಮೇಲೆ ಸುರುಳಿ ಹಗ್ಗ.

“ಸಿಂತೆಕ್ನೆ! ಗಾಡಿಯ ಮೂಗು ಎಲ್ಲಿ ಕಳ್ಕೊಂಡೆ?”

“ನಿನ್ನ ಅಂಗಳದಲ್ಲಿ ಬಿದ್ದಿದೆಯೇನೋ ನೋಡು! ಆ ಹಗ್ಗ ಯಾಕೋ? ಹಾಕಿರೋ ಪ್ಯಾಂಟು ಜಾರ್ತಿದೆಯಾ?”

“ನಿನ್ನನ್ನ ಕೆಳಗೆ ಇಳಿಸೋದಕ್ಕೆ ಕಣೋ, ಮರ್ಯಾದೆಯಿಂದ.”

ಅರ್ಗಿರೋ ಎಲ್ಲಕ್ಕಿಂತ ತಗ್ಗಿನ ಗೇರಿಗೆ ಹಾಕಿದಳು. ಮೊದಲ ಮೆಟ್ಟಿಲಿಗೆ ಮುಂದಿನ ಚಕ್ರಗಳು ಏರಿದವು. ಹೊಟ್ಟೆ ಕಲ್ಲಿಗೆ ತಾಗಿತು. ಕತ್ತಿಯನ್ನು ಸಾಣೆಕಲ್ಲಿಗೆ ಎಳೆದಂಥ ಉದ್ದನೆಯ ಸದ್ದು ಬಂತು. ಎಲ್ಲೂ ಕಡಿಯದೆ, ಎಲ್ಲೂ ಕಚ್ಚದೆ ಗಾಡಿ ಜಾರಿತು. ಎರಡನೆಯ ಮೆಟ್ಟಿಲಿಗೂ ಅದೇ ಸದ್ದು, ಇನ್ನೂ ಉದ್ದ. ಮನೂಸೋಸ್ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಲ್ಲಿ ಯಾವುದೋ ಸಂತನ ಹೆಸರು ಮಣಮಣಿಸುತ್ತಿದ್ದ.

ಮೂರನೆಯದರಲ್ಲಿ ನಿಂತಿತು.

ಬಲಗಡೆಯ ಹಿಂದಿನ ಚಕ್ರ ಸಡಿಲ ಜಲ್ಲಿಯಲ್ಲಿ ಸುತ್ತತೊಡಗಿತು. ಗಾಡಿಯ ಇಡೀ ಭಾರ ಉಡಿಯ ಮೇಲೆ, ಬಂಡೆಯ ಅಂಚಿನಲ್ಲಿ ಕೂತಿತ್ತು. ಕೆಳಗೆ ವಾರ್ದಿಸ್ ಹಗ್ಗ ಬಿಚ್ಚುವುದು ಕನ್ನಡಿಯಲ್ಲಿ ಕಂಡಿತು.

“ಒತ್ತೇ! ಒತ್ತು!” ಎಂದ ಮನೂಸೋಸ್.

ಅವಳು ಒತ್ತಲಿಲ್ಲ. ಕಾಲು ಎತ್ತಿದಳು. ಕೂತಿರುವುದು ಅಲ್ಯೂಮಿನಿಯಂನ ಮೇಲಾಗಿದ್ದರೆ ಇಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಉಕ್ಕು ಹೇಗೆ ಮುಂದಕ್ಕೆ ಜಾರುತ್ತದೋ ಹಾಗೆ ಹಿಂದಕ್ಕೂ, ಪಕ್ಕಕ್ಕೂ ಜಾರಬೇಕು. ಗಾಡಿ ಅಂಗೈಯಷ್ಟು ಹಿಂದಕ್ಕೆ ಸರಿಯಿತು. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿ ಮೆಲ್ಲನೆ ಬಿಟ್ಟಳು. ಉಡಿಯ ಮೇಲೆಯೇ ಗಾಡಿ ತಿರುಗಿತು, ಬೀಸುಕಲ್ಲಿನ ಹಾಗೆ, ಸಾವಕಾಶ. ಬಲಚಕ್ರ ಜಲ್ಲಿ ಬಿಟ್ಟು ಬರಿಬಂಡೆಗೆ ಬಂತು. ಹಿಡಿಯಿತು. ಮೂಗು ಆಕಾಶ ನೋಡಿತು, ಕೊಪ್ಪರಿಗೆ ಢಣ್ಣೆಂದಿತು. ಮರುಗಳಿಗೆಗೆ ಕಿಟಕಿಯ ತುಂಬ ಹಸಿರು ಬಯಲು ಮತ್ತು ಕುರಿಗಳು.

ಗಾಡಿ ನಿಲ್ಲಿಸಿ ಅವಳು ಕೆಳಗೆ ತೂರಿಕೊಂಡಳು. ಎಣ್ಣೆಯ ಒಂದು ಹನಿಯೂ ಇರಲಿಲ್ಲ. ಉಕ್ಕಿನ ಉದ್ದಕ್ಕೂ ಬಿಳಿ ಪಟ್ಟೆ. ಬೆರಳಿನಿಂದ ಒರೆಸಿದರೆ ಅದು ಪುಡಿಯಾಗಿ ಬಂತು. ಸುಣ್ಣ. ಈ ಸಲ ಸವೆದದ್ದು ಬಂಡೆ.

ಅವಳು ಬಿಳಿಯಾದ ಬೆರಳನ್ನು ದೊಡ್ಡಪ್ಪನಿಗೆ ತೋರಿಸಿದಳು. ಅವನು ಅದನ್ನು ಹಿಡಿದು ನೋಡಿದ, ತನ್ನ ಮೀಸೆಗೆ ಒರೆಸಿಕೊಂಡ. ಆಮೇಲೆ ಕಿಟಕಿಯಿಂದ ಅರ್ಧ ಮೈ ಹೊರಹಾಕಿ, ಬೆಟ್ಟದಿಂದ ಬೆಟ್ಟಕ್ಕೆ ಕುರಿ ಕರೆಯುವ ದನಿಯಲ್ಲಿ ಒಂದು ಕೂಗು ಹಾಕಿದ. ಮಿತಾತೊ ಕಡೆಯಿಂದ ನೂರು ಗಂಟಲು ಮರುಕೂಗಿದವು.

ವಾರ್ದಿಸ್ ಮಕ್ಕಳೊಂದಿಗೆ ಏದುಸಿರು ಬಿಡುತ್ತಾ ಬಂಡೆ ಹತ್ತಿ ಬಂದ. ಗಾಡಿಯ ಕೆಳಗೆ ಬಗ್ಗಿ ನೋಡಿದ, ಎದ್ದ, ಹಗ್ಗವನ್ನು ಕೊಪ್ಪರಿಗೆಯ ಪಕ್ಕಕ್ಕೆ ಎಸೆದ.

“ಸುಣ್ಣ ಹೊಡೆಸೋ ಖರ್ಚು ಉಳೀತು ನನಗೆ,” ಎಂದ. ಆಮೇಲೆ ಬಾಗಿಲು ತೆಗೆದು ತನ್ನ ಅಡ್ಡಗಲದ ಭುಜ ಕೊಟ್ಟ. “ಇಳಿ ಸಿಂತೆಕ್ನೆ. ಕುರಿಗಳು ಕಾಯ್ತಿವೆ.”

ಮನೂಸೋಸ್ ಇಳಿದು, ಒಂದು ಕೈ ವಾರ್ದಿಸ್‌ನ ಹೆಗಲ ಮೇಲೆ, ಇನ್ನೊಂದರಲ್ಲಿ ಕತ್ತರಿ, ತನ್ನ ಮಿತಾತೊ ಮುಂದಿನ ಕಲ್ಲುಹಾಸಿಗೆ ನಡೆದ. ಜನ ದಾರಿ ಬಿಟ್ಟರು. ಯಾರೋ ಗಂಟೆ ಕಟ್ಟಿದ ಹಿರಿಯ ಕುರಿಯನ್ನು ತಂದು ಅವನ ಕಾಲ ಬಳಿ ಉರುಳಿಸಿದರು. ಅವನು ಸವೆದ ಮಂಡಿಗಳನ್ನು ಹಲ್ಲು ಕಚ್ಚಿ ಮಡಿಸಿ ಕೂತು, ಹೊಟ್ಟೆಯ ಕಡೆಯಿಂದ ಶುರುಮಾಡಿದ. ಉಣ್ಣೆ ಒಂದೇ ಹಾಸಾಗಿ, ಕಂಬಳಿಯಂತೆ ಮಗುಚಿಕೊಂಡು ಬಂತು. ಬೆತ್ತಲೆ ಕುರಿ ಎದ್ದು, ಬೆಪ್ಪಾಗಿ ಒಮ್ಮೆ ಸುತ್ತ ನೋಡಿ, ಜಿಗಿದು ಇಳಿಜಾರಿನ ಹಸಿರಿಗೆ ಓಡಿತು.

ಅರ್ಗಿರೋ ಅದನ್ನೇ ನೋಡುತ್ತಾ ನಿಂತಿದ್ದಳು, ಕೈಯೆಲ್ಲ ಸುಣ್ಣ.

“ಏನೇ ಬಾಯಿ ಬಿಟ್ಕೊಂಡು ನಿಂತಿದೀಯ?” ಎಂದು ದೊಡ್ಡಪ್ಪ ಗದರಿದ. “ನಿನ್ನ ಮಂದೆ ಅಲ್ವೇನೇ ಇದು? ಮುಂದಿನ ಕುರಿ ಹಿಡ್ಕೊಂಡ್ ಬಾ!”